ಬೋರಲು ಹಾಕಿದರೂ ಬೀಳದ ನೀರು

ಕೈನೊನ ಸೀಸೆಯಲ್ಲಿ ಬಿಳಿ ಸೂಜಿಗಳು ಕಾಣಿಸಿಕೊಂಡ ದಿನ ಸೈಮಿ ಮಾಡಿದ ಮೊದಲ ಕೆಲಸವೆಂದರೆ ನಕ್ಕದ್ದು. ಆಮೇಲೆ ಆ ಸೀಸೆಯನ್ನು ಅವನ ಕೈಯಿಂದ ಕಿತ್ತುಕೊಂಡು ಹೋಗಿ ಕಾಫಿ ಕೋಣೆಯಲ್ಲಿ ಎಲ್ಲರ ಮುಂದೆ ಎತ್ತಿ ಹಿಡಿದಳು.

"ನೋಡ್ರಪ್ಪಾ ಇಲ್ಲಿ! ನಾವೆಲ್ಲ ಜೆಲ್ ಮಾಡಿದ್ರೆ ನಮ್ಮ ಕೈನೊ ಉಪ್ಪು ಮಾಡಿದಾನೆ. ಎತ್ತಿಡಿ, ಮೀನಿಗೆ ಹಾಕೋಕಾಗುತ್ತೆ. ಅಲ್ಲ ಕಣೋ, ನಿಮ್ಮನೇಲಿ ವೀಲಿ ಮೊಸರಾದ್ರೂ ಹೆಪ್ಪಾಗುತ್ತಾ, ಇಲ್ಲ ಅದೂ ಒಡೆದು ಹೋಗುತ್ತಾ?"

"ನೀನು ಹೇಳಿದ ಹಾಗೇ ಮಾಡಿದೆ. ಪುಡಿನ ಇನ್ನೊಂದ್ಸಲ ಶುದ್ಧ ಮಾಡಿದೆ, ಅಷ್ಟೇ," ಎಂದ ಕೈನೊ. ಅವನ ಕೆಂಪು ಗಡ್ಡಕ್ಕಿಂತ ಕಿವಿಗಳೇ ಹೆಚ್ಚು ಕೆಂಪಾಗಿದ್ದವು.

"ಆಹಾ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಎಲ್ಲರೂ ನಕ್ಕರು. ಸೈಮಿ ಹಾಸ್ಯ ಮಾಡಿದರೆ ನಗದೆ ಉಳಿಯುವ ಧೈರ್ಯ ತಂಪೆರೆ ಎಂಬ ಊರಿನ ಆ ಪ್ರಯೋಗಾಲಯದಲ್ಲಿ ಯಾರಿಗೂ ಇರಲಿಲ್ಲ. ಯಾಕೆಂದರೆ ಅಲ್ಲಿನ ಜೆಲ್ ಅವಳದ್ದು. ಪೈನ್ ಮರದ ರಾಳದಿಂದ ತೆಗೆದ ಒಂದು ಚಿಟಿಕೆ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಅಲುಗಾಡಿಸದೆ ಆರಲು ಬಿಟ್ಟರೆ ಸಾಕು. ಕಣಗಳು ಯಾರೂ ಹೇಳದೆ ಕೇಳದೆ ಒಂದರ ಕೈ ಒಂದು ಹಿಡಿದು ಎಳೆಯಾಗುತ್ತಿದ್ದವು, ಎಳೆಗಳು ಹೆಣೆದುಕೊಂಡು ಬಲೆಯಾಗುತ್ತಿದ್ದವು, ಆ ಬಲೆ ಸೀಸೆಯ ನೀರನ್ನೆಲ್ಲ ಹಿಡಿದು ನಿಲ್ಲಿಸಿಬಿಡುತ್ತಿತ್ತು. ಸೀಸೆಯನ್ನು ಬೋರಲು ಹಾಕಿದರೂ ಒಂದು ಹನಿ ಬೀಳುತ್ತಿರಲಿಲ್ಲ. ಎರಡು ಉಕ್ಕಿನ ಬಿಲ್ಲೆಗಳ ನಡುವೆ ಇಟ್ಟು ತಿರುಚಿದರೆ ಹರಿದುಹೋಗಿ, ಸುಮ್ಮನೆ ಬಿಟ್ಟರೆ ತಾನೇ ಕೂಡಿಕೊಳ್ಳುತ್ತಿತ್ತು. ಜ್ವರ ಬಂದ ಮೈಯ ಕಾವಿಗೂ ಜಗ್ಗುತ್ತಿರಲಿಲ್ಲ. ಕೈ ಸುಡುವಷ್ಟು ಕಾಯಿಸಿದರೆ ಮಾತ್ರ ಕರಗಿ, ಆರಿದಾಗ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಸುಟ್ಟಗಾಯದ ಮೇಲೆ ಹಾಸಲು ಇದಕ್ಕಿಂತ ತಂಪಾದ ಪಟ್ಟಿ ಇನ್ನೊಂದಿಲ್ಲ ಎಂದು ಸೈಮಿ ಹೇಳುತ್ತಿದ್ದಳು. ಹೇಳುವಾಗೆಲ್ಲ "ನನ್ನ ಜೆಲ್" ಎನ್ನುತ್ತಿದ್ದಳೇ ಹೊರತು "ನಮ್ಮ" ಎಂದು ಬಾಯಿ ತಪ್ಪಿಯೂ ಅಂದವಳಲ್ಲ.

ನಗು ಮುಗಿದ ಮೇಲೆ ಅವಳು ಸೂಜಿಗಳನ್ನು ಒಂದು ಗಾಜಿನ ತಟ್ಟೆಗೆ ಸುರಿದು ದೀಪದ ಕೆಳಗೆ ಬಗ್ಗಿ ನೋಡಿದಳು. ಸೊಂಟದವರೆಗೆ ಬರುವ ಅವಳ ಹೊಂಬಣ್ಣದ ಜಡೆಯ ತುದಿ ತಟ್ಟೆಗೆ ಬಿತ್ತು. ಅದನ್ನು ಹಿಂದಕ್ಕೆ ಎಸೆದುಕೊಂಡು ಮತ್ತೆ ಬಗ್ಗಿದಳು. ಮುಖದ ಬಣ್ಣ ಇಳಿಯಿತು.

ಸೈಮಿ ಕೊಬ್ಬಿನ ಹೆಂಗಸು ನಿಜ, ದಡ್ಡಿಯಲ್ಲ. ಆ ಸೂಜಿಗಳೂ ಅದೇ ಪುಡಿಯೇ, ಆದರೆ ಬೇರೆ ಕ್ರಮದಲ್ಲಿ ಗಟ್ಟಿಯಾಗಿ ಕೂತುಬಿಟ್ಟ ಹರಳು. ಇಂಥ ಹರಳು ಒಂದು ಕೋಣೆಯಲ್ಲಿ ಒಮ್ಮೆ ಹುಟ್ಟಿತೆಂದರೆ ಅದರ ಧೂಳೇ ಹೆಪ್ಪು. ಹಾಲಿನ ಪಾತ್ರೆಗೆ ಒಂದು ಚಮಚ ಮೊಸರು ಬಿದ್ದ ಹಾಗೆ, ಕಣ್ಣಿಗೆ ಕಾಣದ ಒಂದು ಚೂರು ಬಿದ್ದರೂ ಸೀಸೆಯಲ್ಲಿರುವುದೆಲ್ಲ ಅದನ್ನೇ ನೋಡಿ ಸೂಜಿಯಾಗುತ್ತದೆ. ಆಮೇಲೆ ಆ ಕೋಣೆಯಲ್ಲಿ ಜೆಲ್ ಇಲ್ಲ. ಹೀಗೆ ಕೆಟ್ಟುಹೋದ ಪ್ರಯೋಗಾಲಯಗಳ ಕಥೆಯನ್ನು ಈ ಜನ ದೆವ್ವದ ಕಥೆಯಂತೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

"ತಾರ್ಮೊ! ಇವನನ್ನ ಈಗಲೇ ಆಚೆ ಹಾಕು," ಎಂದು ಅವಳು ಪ್ರೊಫೆಸರನ ಕೋಣೆಗೇ ನುಗ್ಗಿದಳು.

ತಾರ್ಮೊ ಲೆಹ್ತಿಪುರೊ ಒಳ್ಳೆಯವನೇ. ಒಳ್ಳೆಯವನಾಗಿ ಉಳಿಯಲು ಬೇಕಾದ ಬೆನ್ನುಮೂಳೆ ಮಾತ್ರ ಅವನಿಗಿರಲಿಲ್ಲ. "ಏನು ಬೇಕೋ ಮಾಡು," ಎಂದು ಕಿಟಕಿಯ ಕಡೆ ತಿರುಗಿದ.

ಅವಳು ಮಾಡಿದಳು. ಕೈನೊನ ಬಿಳಿ ಕೋಟು, ಚಪ್ಪಲಿ, ಗಾಜಿನ ಸಾಮಾನು ಎಲ್ಲ ಸುಡುವ ಕಸದ ಚೀಲಕ್ಕೆ ಹೋಯಿತು. ಆಮೇಲೆ ಸ್ವೆಟರಿನ ಸರದಿ.

"ಇದು ಬೇಡ, ಸೈಮಿ. ಅಮ್ಮ ಹೆಣೆದಿದ್ದು. ಅವಳು ಹೋಗೋ ಮುಂಚೆ ಮುಗಿಸಿದ್ದು ಇದೊಂದೇ. ಮನೆಗೆ ತಗೊಂಡು ಹೋಗಿ ಒಗೀತೀನಿ."

"ಉಣ್ಣೆ ಎಳೆ ಎಳೆಯಲ್ಲೂ ಹರಳು ಕೂತಿರುತ್ತೆ. ತೆಗಿ."

ಇಕ್ಕಳದಲ್ಲಿ ಹಿಡಿದು ಚೀಲಕ್ಕೆ ಹಾಕಿದಳು, ಸತ್ತ ಇಲಿಯನ್ನು ಎತ್ತಿದ ಹಾಗೆ. ನಂತರ ಅವನ ಮುಖ ನೋಡಿ, "ಆ ಗಡ್ಡ," ಎಂದಳು. ಕೈನೊ ಕೈತೊಳೆಯುವ ತೊಟ್ಟಿಯ ಮುಂದೆ ನಿಂತು, ಬನಿಯನ್ನಿನಲ್ಲಿ ನಡುಗುತ್ತಾ, ಎಲ್ಲರೂ ನೋಡುತ್ತಿರುವಾಗ ಗಡ್ಡ ಬೋಳಿಸಿಕೊಂಡ. ಗದ್ದದಲ್ಲಿ ರಕ್ತ ಬಂತು. ಒಬ್ಬರೂ ಒಂದು ಬಟ್ಟೆ ಕೊಡಲಿಲ್ಲ.

"ಗುರುವಾರ ಸೌನಾಕ್ಕೂ ಬರಬೇಡ. ನಾವೆಲ್ಲ ಕೂರೋ ಹಲಗೆ ಅದು," ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದಳು. ವಾರಕ್ಕೊಮ್ಮೆ ಒಟ್ಟಿಗೆ ಹಬೆಯಲ್ಲಿ ಕೂತು ಬೆವರುವ ಅಲ್ಲಿನವರಿಗೆ ಈ ಮಾತು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ಕೈನೊ ತಲೆಯಾಡಿಸಿ ಹೊರಟುಹೋದ. ತಾರ್ಮೊ ಅವನಿಗೆ ಉತ್ತರದ ಔಲುವಿನಲ್ಲಿ ಹಳೆಯ ಸ್ನೇಹಿತನೊಬ್ಬನ ಪ್ರಯೋಗಾಲಯದಲ್ಲಿ ಒಂದು ಮೂಲೆ ಕೊಡಿಸಿ, ತನ್ನ ಆತ್ಮಸಾಕ್ಷಿಯನ್ನು ಮಲಗಿಸಿದ.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಸೈಮಿ ಎದೆ ಸೆಟೆಸಿಕೊಂಡು ಓಡಾಡಿದಳು. ನಂತರ ಒಂದು ಬೆಳಿಗ್ಗೆ ಅವಳ ಸೀಸೆಯಲ್ಲೇ ಸೂಜಿ.

ತೊಳೆದಳು. ಗೋಡೆ, ಮೇಜು, ತಕ್ಕಡಿ, ಗಾಳಿಯ ಕೊಳವೆ, ಬಾಗಿಲ ಹಿಡಿಕೆ, ಒಂದನ್ನೂ ಬಿಡಲಿಲ್ಲ. ಹಳೆಯ ಗಾಜೆಲ್ಲ ಎಸೆದು ಹೊಸದು ತರಿಸಿದಳು. ಮಹಡಿಯ ಮೇಲೆ ಬೇರೆ ಕೋಣೆ ಪಡೆದಳು. ಅಲ್ಲೂ ಸೂಜಿ. "ಆ ದರಿದ್ರದವನು ಎಲ್ಲೆಲ್ಲಿ ಉದುರಿಸಿ ಹೋಗಿದಾನೋ!" ಎಂದು ಊರಲ್ಲಿಲ್ಲದವನಿಗೆ ಶಾಪ ಹಾಕಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು. ಅವಳು ರಜೆ ಹಾಕಿದ ದಿನ ಬೇರೆಯವರು ಅವಳು ಕಾಲಿಡದ ಇನ್ನೊಂದು ಕೋಣೆಯಲ್ಲಿ ಮಾಡಿದ ಜೆಲ್ ಚೆನ್ನಾಗಿ ಕಟ್ಟಿಕೊಂಡಿತು. ಮರುದಿನ ಅವಳು ಬಂದು ಬಗ್ಗಿ ನೋಡಿದಳು. ಊಟದ ಹೊತ್ತಿಗೆ ಎಲ್ಲ ಬೆಳ್ಳಗಾಗಿತ್ತು.

ತಾರ್ಮೊ ಕಾಫಿ ಕಲಕುತ್ತಾ, ಲೋಟದೊಳಗೇ ನೋಡುತ್ತಾ ಹೇಳಿದ: "ಸೈಮಿ, ಅದು ನಿನ್ನ ಮೇಲೇ ಇದೆ."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಗಾಜಿನ ತಟ್ಟೆಗೆ ಬಿದ್ದ ಜಡೆಯ ತುದಿ ಅವಳಿಗೆ ಆ ಕ್ಷಣ ನೆನಪಾಯಿತು. ಮನೆಗೆ ಹೋಗಿ ತಲೆ ತೊಳೆದಳು, ಸರಿ. ಆದರೆ ಉಣ್ಣೆಯ ಟೋಪಿ, ಕನ್ನಡಕದ ಡಬ್ಬಿ, ಸೈಕಲ್ ಚೀಲ, ದಿಂಬು, ಯಾವುದನ್ನೆಲ್ಲ ಸುಡುವುದು? ತೊಳೆದ ಕೂದಲಿಗೆ ಅದೇ ಮತ್ತೆ ಅಂಟುತ್ತಿತ್ತು. ಜಡೆಯನ್ನೇ ಕತ್ತರಿಸಬಹುದಿತ್ತು. ಕತ್ತರಿಸಿದರೆ ಕೈನೊನ ಗಡ್ಡಕ್ಕೆ ಲೆಕ್ಕ ಕೊಟ್ಟ ಹಾಗಾಗುತ್ತದಲ್ಲ! ಪ್ರಾಣ ಹೋದರೂ ಅದು ಆಗದು.

ಅಷ್ಟರಲ್ಲಿ ಅವಳ ಡಾಕ್ಟರೇಟ್ ಪ್ರಬಂಧದ ಸಾರ್ವಜನಿಕ ಪರೀಕ್ಷೆಗೆ ದಿನ ಗೊತ್ತಾಯಿತು. ಎದುರಾಳಿಯಾಗಿ ಕೂತು ಪ್ರಶ್ನಿಸಲು ಡೆನ್ಮಾರ್ಕಿನಿಂದ ಇಂಗೆಬೋರ್ಗ್ ಎಂಬ ಪ್ರೊಫೆಸರ್ ಬರುವವಳಿದ್ದಳು. ಜೆಲ್ಲನ್ನು ಕಣ್ಣಾರೆ ನೋಡಬೇಕು, ಅದನ್ನು ಮಾಡಬಲ್ಲವರನ್ನು ತನ್ನ ಜೊತೆ ಕೆಲಸಕ್ಕೆ ಕರೆದೊಯ್ಯಬೇಕು ಎಂದು ಅವಳು ಮೊದಲೇ ಹೇಳಿದ್ದಳು. ಸೈಮಿಯ ಮುಂದಿನ ಬದುಕೆಲ್ಲ ಆ ಒಂದು ಸೀಸೆಯ ಮೇಲೆ ನಿಂತಿತ್ತು. ತಂಪೆರೆಯಲ್ಲಿ ಎಲ್ಲ ಕೋಣೆಗಳೂ ಕೆಟ್ಟಿದ್ದವು. ಜಗತ್ತಿನಲ್ಲಿ ಆ ಜೆಲ್ ಕಟ್ಟುತ್ತಿದ್ದ ಜಾಗ ಈಗ ಒಂದೇ: ಔಲುವಿನಲ್ಲಿ, ಕೈನೊನ ಮೂಲೆ. ಮಾಡಿದ್ದುಣ್ಣೋ ಮಹರಾಯ!

ಅವಳು ರೈಲು ಹತ್ತಿದಳು.

ಔಲುವಿನಲ್ಲಿ ಹಿಮ ಮೊಣಕಾಲುದ್ದ ಬಿದ್ದಿತ್ತು. ಕೈನೊ ಪ್ರಯೋಗಾಲಯದ ಹೊರಬಾಗಿಲಲ್ಲೇ ಅವಳನ್ನು ತಡೆದು, ಬಟ್ಟೆ ಬದಲಿಸುವ ಕೋಣೆಗೆ ಕರೆದುಕೊಂಡು ಹೋದ. ಗಡ್ಡ ಮತ್ತೆ ಬೆಳೆದಿತ್ತು. ಬೆಂಚಿನ ಮೇಲೆ ಟವೆಲು, ಒಗೆದ ಅಂಗಿ ಪೈಜಾಮ, ತಲೆಗೆ ಹಾಕುವ ತೆಳು ಟೋಪಿ, ಪಕ್ಕದಲ್ಲಿ ಒಂದು ಹೊಸ ಕತ್ತರಿ.

ಸೈಮಿ ಕತ್ತರಿಯನ್ನೇ ನೋಡಿದಳು.

"ನಿನ್ನ ಫೋನು ಬಂದ ದಿನಾನೇ ತಂದೆ," ಎಂದ ಕೈನೊ. "ಬುಡಕ್ಕೇ ಕತ್ತರಿಸ್ತೀನಿ, ಎಲ್ಲರನ್ನೂ ಕರೆದು ನಿಲ್ಲಿಸ್ತೀನಿ ಅಂದ್ಕೊಂಡಿದ್ದೆ. ದಿನಾ ಅದನ್ನೇ ಯೋಚನೆ ಮಾಡ್ಕೊಂಡು ಖುಷಿಪಟ್ಟೆ, ಸುಳ್ಳು ಯಾಕೆ ಹೇಳ್ಲಿ."

"ಮತ್ತೆ ಕತ್ತರಿಸು. ಯಾಕೆ ನಿಂತಿದೀಯ?"

ಅವನು ಕತ್ತರಿಯನ್ನು ಎತ್ತಿ ಡ್ರಾಯರಿನೊಳಗೆ ಹಾಕಿದ. "ಬೇಡ ಬಿಡು. ನಾನು ನಿನ್ನ ಹಾಗಾಗಲ್ಲ. ಜಡೆ ಬಿಚ್ಚಿ, ಬುಡದಿಂದ ತುದಿವರೆಗೆ ಚೆನ್ನಾಗಿ ತೊಳಿ. ಒಳಗೆ ಟೋಪಿ ಮಾತ್ರ ತೆಗೀಬೇಡ. ಅಷ್ಟು ಮಾಡು ಸಾಕು."

ಕತ್ತರಿಸಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಇವನು ಕ್ಷಮಿಸುವುದೇ! ಬನಿಯನ್ನಿನಲ್ಲಿ ನಡುಗಿದವನು, ಮೀನಿಗೆ ಉಪ್ಪು ಮಾಡಿದವನು, ತನಗೆ ಭಿಕ್ಷೆ ಹಾಕುವುದೇ! ಸೈಮಿ ಶವರಿನ ಕೆಳಗೆ ನಿಂತು ಮೈ ತೊಳೆದುಕೊಂಡಳು. ಜಡೆಯನ್ನು ಮಾತ್ರ ಬಿಚ್ಚಲಿಲ್ಲ. ಮೇಲೆ ಮೇಲೆ ಒದ್ದೆ ಮಾಡಿ, ಸುತ್ತಿ, ಟೋಪಿಯೊಳಗೆ ತುರುಕಿದಳು.

"ಬಿಚ್ಚಿ ತೊಳೆದ್ಯಾ?"

"ಹೂಂ."

ಅವನು ನಂಬಿದ. ಹಾವಿಗೆ ಹಾಲೆರೆಯುವವರೆಲ್ಲ ಹೀಗೆಯೇ ನಂಬುತ್ತಾರೆ.

ಕೈನೊ ನೀರು ಕಾಯಿಸಿದ, ಪುಡಿ ಹಾಕಿದ, ಸೀಸೆಗಳನ್ನು ಸಾಲಾಗಿಟ್ಟು ಕೈ ಕಟ್ಟಿ ನಿಂತ. ಇಬ್ಬರೂ ಕಾದರು. ಆರಿದ ಮೇಲೆ ಒಂದನ್ನು ಅವಳ ಕೈಗೆ ಕೊಟ್ಟ. ಸೈಮಿ ಬೋರಲು ಹಾಕಿದಳು. ಬೀಳಲಿಲ್ಲ. ತಿಳಿಯಾಗಿ, ತಣ್ಣಗೆ, ಹಟಮಾರಿಯಂತೆ ತಲೆಕೆಳಗಾಗಿ ನಿಂತಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಅದು ಮಾತ್ರ ನಿಜವಾದ ನೀರು.

ಬಿಲ್ಲೆಗಳ ನಡುವೆ ಇಟ್ಟು ತಿರುಚಿದರು: ಅದೇ ಬಿಗಿ. ಕಾಯಿಸಿದರು: ಮೊದಲು ಕರಗುತ್ತಿದ್ದ ಕಾವಿಗೇ ಕರಗಿತು. ಆರಿಸಿದರು: ಮತ್ತೆ ಕಟ್ಟಿಕೊಂಡಿತು.

"ಬದುಕಿದೆ ನೋಡು, ನಿನ್ನ ಜೆಲ್," ಎಂದ ಕೈನೊ. ಒಂದು ಸೀಸೆಗೆ ಮುಚ್ಚಳ ಬಿಗಿದು, ಸುತ್ತ ಮೇಣ ಹಚ್ಚಿದ. "ಇದು ನಿನ್ನ ಪರೀಕ್ಷೆಗೆ. ಮುಚ್ಚಳ ತೆಗೀಬೇಡ. ಮುಚ್ಚಿರೋವರೆಗೂ ಏನೂ ಆಗಲ್ಲ. ಇರು, ಕಾಫಿ ತರ್ತೀನಿ. ದಾಲ್ಚಿನ್ನಿ ಬನ್ನು ಇಷ್ಟ ಅಲ್ವಾ ನಿಂಗೆ?"

ಅವನು ಅತ್ತ ಹೋದ, ಇತ್ತ ತಾರ್ಮೊನ ಫೋನು ಬಂತು.

"ಹೇಗಿದೆ ಕೈನೊನ ಜೆಲ್?" ಎಂದ ತಾರ್ಮೊ.

"ಯಾರ ಜೆಲ್?"

"ಅದೇ... ಇಂಗೆಬೋರ್ಗ್ ಹಾಗಂತಾಳೆ, ನನಗೂ ಅದೇ ಬಾಯಿಗೆ ಬಂತು. ನೋಡು ಸೈಮಿ, ನಿನ್ನ ಡಾಕ್ಟರೇಟಿಗೆ ಏನೂ ತೊಂದರೆಯಿಲ್ಲ. ಆದರೆ ಅವಳು ಕರ್ಕೊಂಡು ಹೋಗೋದು ಕೈನೊನ. ಮಾಡಬಲ್ಲವನು ಅವನೊಬ್ಬನೇ ತಾನೆ? ನಿನ್ನನ್ನ ಅವರ ಪ್ರಯೋಗಾಲಯದೊಳಗೆ ಬಿಟ್ಕೊಳ್ಳೋದು ಹೇಗೆ, ನೀನೇ ಹೇಳು. ಕೈನೊಗೆ ಇನ್ನೂ ಗೊತ್ತಿಲ್ಲ. ನಾನೇ ಹೇಳ್ತೀನಿ."

ಅವಳು ಫೋನು ಇಟ್ಟಳು. ಎದುರಿಗೆ ಬಾಯಿ ತೆರೆದ ಸೀಸೆಗಳ ಸಾಲು, ತಕ್ಕಡಿ, ಪುಡಿಯ ಡಬ್ಬಿ, ಒರೆಸಿ ಫಳಫಳ ಹೊಳೆಯುವ ಮೇಜು. ವರ್ಷಗಟ್ಟಲೆ ಈ ನೀರಿಗಾಗಿ ತಾನು ಬೆನ್ನು ಬಗ್ಗಿಸಿದ್ದು. ತನಗೆ ದಕ್ಕದ್ದು ಇವನಿಗೆ ಯಾಕೆ ದಕ್ಕಬೇಕು?

ಸೈಮಿ ಟೋಪಿ ತೆಗೆದಳು. ಜಡೆಯನ್ನು ಅವಸರವಿಲ್ಲದೆ ಬಿಚ್ಚಿದಳು. ಸೀಸೆಗಳ ಮೇಲೆ, ತಕ್ಕಡಿಯ ಮೇಲೆ, ಪುಡಿಯ ಡಬ್ಬಿಯ ಮೇಲೆ ಬಗ್ಗಿ, ಬೆರಳಿಂದ ಬಾಚಿ ಬಾಚಿ ಕೊಡವಿದಳು. ಏನೂ ಬಿದ್ದಂತೆ ಕಾಣಲಿಲ್ಲ. ಕಾಣಬೇಕಾದ ಅಗತ್ಯವೂ ಇರಲಿಲ್ಲ. ಮತ್ತೆ ಹೆಣೆದು, ಟೋಪಿ ಹಾಕಿಕೊಂಡು ಕೂತಳು.

ಕೈನೊ ಬಾಗಿಲಾಚೆಯಿಂದ ಕರೆದ. ಹೊರಗಿನ ಕೋಣೆಯಲ್ಲಿ ಕಾಫಿ ಕುಡಿದರು. "ಟೋಪಿ ಓರೆಯಾಗಿದೆ. ತೆಗೆದ್ಯಾ ಏನು?" ಎಂದು ಅವನು ಕೇಳಿದ.

"ಇಲ್ಲ ಕಣೋ. ಕಿವಿ ತುರಿಸ್ತು, ಸರಿ ಮಾಡ್ಕೊಂಡೆ."

ಅವನು ಕೊಟ್ಟ ಬನ್ನನ್ನು ಅವಳು ಒಂದು ಚೂರೂ ಬಿಡದೆ ತಿಂದಳು. ಇನ್ನೂ ಬಿಸಿಯಿತ್ತು, ಚೆನ್ನಾಗಿತ್ತು.

ಪರೀಕ್ಷೆಯ ದಿನ ತಂಪೆರೆಯ ಸಭಾಂಗಣ ತುಂಬಿತ್ತು. ಸೈಮಿ ಕಪ್ಪು ಉಡುಪು ತೊಟ್ಟು, ಜಡೆಯನ್ನು ತಲೆಯ ಸುತ್ತ ಕಿರೀಟದಂತೆ ಕಟ್ಟಿಕೊಂಡು ನಿಂತಿದ್ದಳು. ಮೊದಲ ಮಾತಿಗೇ ಸೀಸೆಯನ್ನು ಎತ್ತಿ ಹಿಡಿದು ಬೋರಲು ಹಾಕಿದಳು. ಸಭೆ ಮೆಚ್ಚಿ ಗುಸುಗುಟ್ಟಿತು. ಇಂಗೆಬೋರ್ಗ್ ಕೇಳಿದ್ದಕ್ಕೆಲ್ಲ ಹರಳು ಹುರಿದಂತೆ ಉತ್ತರ ಕೊಟ್ಟಳು.

"ಕೊನೆಯ ಪ್ರಶ್ನೆ. ಸದ್ಯ ಇದನ್ನು ಎಲ್ಲಿ ಮಾಡಬಹುದು?"

"ಔಲುವಿನಲ್ಲಿ ಆಗುತ್ತಿತ್ತು. ಕಳೆದ ವಾರದಿಂದ ಅಲ್ಲೂ ಬರೀ ಸೂಜಿಯೇ ಅಂತ ಕೇಳಿದೆ," ಎಂದಳು ಸೈಮಿ. ತುಸು ತಡೆದು, "ಕೈ ಸರಿ ಇಲ್ಲದಿದ್ದರೆ ಹಾಗೇ ಆಗುತ್ತೆ," ಎಂದು ಸೇರಿಸಿದಳು. ತಾರ್ಮೊ ತಲೆ ತಗ್ಗಿಸಿದ.

ಇಂಗೆಬೋರ್ಗ್ ಎದ್ದು ಪ್ರಬಂಧವನ್ನು ಒಪ್ಪಿದ್ದಾಗಿ ಹೇಳಿದಳು. ಇನ್ನುಳಿದದ್ದು ಪದ್ಧತಿಯ ಒಂದು ಮಾತು. ಸೈಮಿ ಸಭೆಗೆ ತಿರುಗಿ, "ನನ್ನ ಪ್ರಬಂಧದ ವಿಷಯದಲ್ಲಿ ಸಭಿಕರಲ್ಲಿ ಯಾರಿಗಾದರೂ ಏನಾದರೂ ಹೇಳುವುದಿದ್ದರೆ ದಯವಿಟ್ಟು ಹೇಳಬೇಕು," ಎಂದಳು. ಈ ಮಾತಿಗೆ ಯಾರೂ ಏಳುವುದಿಲ್ಲ. ಜನ ಆಗಲೇ ಕೋಟು ಹುಡುಕುತ್ತಿರುತ್ತಾರೆ, ಕೇಕಿನ ಯೋಚನೆಯಲ್ಲಿರುತ್ತಾರೆ.

ಹಿಂದಿನ ಸಾಲಿನಲ್ಲಿ ಕೈನೊ ಎದ್ದು ನಿಂತ. ಗಡ್ಡ ಬೋಳಿಸಿದ್ದ. ಈ ಸಲ ಯಾರೂ ಹೇಳಿರಲಿಲ್ಲ. ಅದರಲ್ಲೇನಾದರೂ ಸಿಕ್ಕಿಕೊಂಡಿದೆಯೋ ಎಂದು ತಾನೇ ಬೋಳಿಸಿ, ಔಲುವಿನ ತನ್ನ ಮೂಲೆಯನ್ನು ಇಂಚಿಂಚೂ ತೊಳೆದು, ಕೊನೆಗೆ ತಕ್ಕಡಿಯ ಸಂದಿಯಲ್ಲಿ ಒಂದು ಮೊಳದುದ್ದದ ಹೊಂಬಣ್ಣದ ಕೂದಲು ಕಂಡು ಅಲ್ಲೇ ಕುಸಿದು ಕೂತಿದ್ದ.

"ಆಕ್ಷೇಪ ಏನಿಲ್ಲ," ಎಂದ. "ಒಂದು ಕೋರಿಕೆ ಮಾತ್ರ. ಜೆಲ್ಲಿನ ಬಿಗಿ ಮುಟ್ಟಿದರೇ ತಿಳಿಯೋದು. ಮುಚ್ಚಳ ತೆಗೆದು ಪ್ರೊಫೆಸರ್ ಅವರಿಗೆ ಮುಟ್ಟಲು ಕೊಡಬೇಕು."

"ಅಯ್ಯೋ, ನಾನೇ ಕೇಳಬೇಕಂತಿದ್ದೆ!" ಎಂದು ಇಂಗೆಬೋರ್ಗ್ ಕೈ ಚಾಚಿದಳು.

"ಇಲ್ಲ," ಎಂದ ಕೈನೊ. "ಮಾಡಿದವರ ಕೈಯಿಂದಲೇ ತೆಗೆಯೋದು ಮರ್ಯಾದೆ. ಅವಳ ಜೆಲ್ ಅದು."

ಅವಳ ಜೆಲ್. ಇಡೀ ಸಭೆ ಸೈಮಿಯನ್ನು ನೋಡಿತು. ಆಗುವುದಿಲ್ಲ ಎನ್ನುವಂತಿರಲಿಲ್ಲ. ಯಾಕೆ ಆಗುವುದಿಲ್ಲ ಎಂದರೆ ಏನು ಹೇಳುವುದು? ಅವಳು ಉಗುರಿನಿಂದ ಮೇಣ ಕೆರೆದಳು. ಮುಚ್ಚಳ ತಿರುಗಿಸಿ ತೆಗೆದಳು. ಬಗ್ಗಿದಾಗ ಕಿರೀಟದಿಂದ ಜಾರಿದ ಒಂದೆಳೆ ಸೀಸೆಯ ಬಾಯಿಯ ಹತ್ತಿರ ತೂಗಿತು. ಇಂಗೆಬೋರ್ಗ್ ಗಾಜಿನ ಕಡ್ಡಿಯಿಂದ ಮೆಲ್ಲಗೆ ಒತ್ತಿ, "ಎಷ್ಟು ಚೆನ್ನಾಗಿದೆ!" ಎಂದಳು.

ಮೊದಲು ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ. ಆಮೇಲೆ ಚಳಿಗಾಲದ ಕಿಟಕಿ ಗಾಜಿನ ಮೇಲೆ ಹಿಮ ಹಬ್ಬುವ ಹಾಗೆ ಒಂದರ ಬೆನ್ನಿಗೆ ಒಂದು ಸೂಜಿ, ಒಳಕ್ಕೆ, ಕೆಳಕ್ಕೆ. ಮುಂದಿನ ಸಾಲಿನವರು ಕತ್ತು ಚಾಚಿದರು. ಕಾಯುವುದರಲ್ಲಿ ಕೈನೊ ಪಳಗಿದ್ದ, ನಿಂತೇ ಕಾದ.

"ಏನಾಯಿತು? ಪರವಾಗಿಲ್ಲ, ಇನ್ನೊಂದು ಸೀಸೆ ಇದ್ದರೆ ಕೊಡಿ," ಎಂದಳು ಇಂಗೆಬೋರ್ಗ್.

ಸೈಮಿ ಹಿಂದಿನ ಸಾಲಿನ ಕಡೆ ನೋಡಿದಳು. ಕೈನೊ ಕೋಟು ಹಾಕಿಕೊಳ್ಳುತ್ತಿದ್ದ. "ಕೈನೊ," ಎಂದಳು, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಬೇಡುವವಳ ಧ್ವನಿಯಲ್ಲಿ. "ನಿನ್ನ ಹತ್ರ ಒಂದಾದ್ರೂ ಉಳಿದಿದೆಯಾ?"

"ಇಲ್ಲ," ಎಂದ ಅವನು. "ಟೋಪಿ ಓರೆಯಾಗಿತ್ತು."

ಡಾಕ್ಟರೇಟು ಅವಳಿಗೆ ಆಗಲೇ ಸಿಕ್ಕಿಯಾಗಿತ್ತು. ಅದನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ತಾರ್ಮೊ ಎದ್ದು ನಿಂತು ಸಭೆ ಮುಗಿಯಿತೆಂದು ಹೇಳುತ್ತಿದ್ದ. ಸೈಮಿಯ ಕೈ ಮಾತ್ರ ವರ್ಷಗಳ ಅಭ್ಯಾಸದಿಂದ, ಅವಳನ್ನು ಕೇಳದೆ, ಸೀಸೆಯನ್ನು ಬೋರಲು ಹಾಕಿತು. ನೀರೆಲ್ಲ ಅವಳ ಹೊಸ ಬೂಟಿನ ಮೇಲೆ ಸುರಿಯಿತು.